ವಿದೇಶಕ್ಕೆ ಹೊರಟವರು ಯಾವ ಸಿಮ್ ಹಾಕಬೇಕು? ಫಾರ್ವರ್ಡ್‌ಗಳು ಹೇಳದ ಸಂಗತಿಗಳು

ಮನೆಯಲ್ಲಿ ಯಾರಾದರೂ ಹೊರದೇಶಕ್ಕೆ ಹೊರಟರು ಅಂದ ಕೂಡಲೇ ಫ್ಯಾಮಿಲಿ ಗ್ರೂಪಿಗೆ ಮೂರು ಬಗೆಯ ಮೆಸೇಜ್ ಬಂದು ಬೀಳುತ್ತವೆ. ಒಂದು, “ಇಂಥ ಕಂಪನಿಯ ಸಿಮ್ಮೇ ತಗೊಳ್ಳಿ, ಅಲ್ಲಿ ಅದೇ ನಂಬರ್ ಒನ್.” ಎರಡು, “ಇಂಡಿಯಾ ಸಿಮ್‌ನಲ್ಲಿ 20 ರೂಪಾಯಿ ಬಿಟ್ಟರೆ ಸಾಕು, ಯಾವತ್ತೂ ಕಟ್ ಆಗಲ್ಲ.” ಮೂರು, “ದುಬೈನಲ್ಲಿ ವಾಟ್ಸಾಪ್ ಕಾಲ್ ಬರಲ್ಲ, ಈ ವಿಪಿಎನ್ ಹಾಕ್ಕೊಳ್ಳಿ.” ಮೊದಲನೆಯದಕ್ಕೆ ಹೆಚ್ಚು ಅರ್ಥವಿಲ್ಲ. ಎರಡನೆಯದು ಅರ್ಧ ಸತ್ಯ. ಮೂರನೆಯದನ್ನು ನಂಬಿದವರು ಲಕ್ಷಗಟ್ಟಲೆ ದಂಡದ ಬಾಯಿಗೆ ಬೀಳಬಹುದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ವಿದೇಶಕ್ಕೆ ಹೋಗುವವರಿಗೆ ಮೊಬೈಲ್‌ನಿಂದ ಆಗಬೇಕಾದ ಕೆಲಸ ಎರಡು. ಅಲ್ಲಿ ಇಂಟರ್ನೆಟ್ ಸಿಗಬೇಕು, ಇಲ್ಲಿಯ ಬ್ಯಾಂಕಿನ ಓಟಿಪಿ ಬರಬೇಕು. ಇವೆರಡನ್ನೂ ಒಂದೇ ಸಿಮ್‌ನಲ್ಲಿ ಮಾಡಲು ಹೋದಾಗಲೇ ತೊಂದರೆ ಶುರುವಾಗುತ್ತದೆ.

“ಎಲ್ಲ ಕಡೆ ನೆಟ್‌ವರ್ಕ್ ಇದೆ” ಅಂದರೆ ಏನು?

ಇದು ಅರ್ಥವಾಗಬೇಕಾದರೆ ಮದ್ದೂರಿಗೆ ಬನ್ನಿ. ವಡೆಯ ಮದ್ದೂರಲ್ಲ, ಗುಂಡ್ಲುಪೇಟೆ ತಾಲೂಕಿನ ಮದ್ದೂರು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇರುವ ಊರು. ಇಲ್ಲಿಂದ ಮುಂದೆ ಬಂಡೀಪುರದ ಕಾಡು. ಮೂಲೆಹೊಳೆಯಲ್ಲಿ ಕರ್ನಾಟಕ ಮುಗಿದು, ಮುತ್ತಂಗ ಬರುವ ಹೊತ್ತಿಗೆ ನೀವು ಕೇರಳದಲ್ಲಿರುತ್ತೀರಿ. ಈ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು, ಕಾಡಿನೊಳಗೆ ಹೋಗುತ್ತಿದ್ದ ಹಾಗೆ ಫೋನಿನ ಕಡ್ಡಿಗಳು ಒಂದೊಂದಾಗಿ ಇಳಿಯುತ್ತವೆ, ಮಾತು ಅರ್ಧಕ್ಕೆ ಕತ್ತರಿಸುತ್ತದೆ. ಹಾಗಂತ ಕಂಪನಿ ಸುಳ್ಳು ಹೇಳಿದೆ ಅನ್ನುವ ಹಾಗಿಲ್ಲ. ಏಕೆಂದರೆ ಕಂಪನಿಗಳು ಹೇಳುವ ಶೇಕಡಾ ಲೆಕ್ಕ ಸಾಮಾನ್ಯವಾಗಿ ಜನರದ್ದು, ನೆಲದ್ದಲ್ಲ. ಜನ ವಾಸವಿಲ್ಲದ ಕಾಡಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ.

ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ ಕಂಪನಿ ತನ್ನ ನೆಟ್‌ವರ್ಕ್ ದೇಶದ ಶೇಕಡಾ 99.7ರಷ್ಟು ಜನರನ್ನು ಮುಟ್ಟುತ್ತದೆ ಅನ್ನುತ್ತದೆ. ಅದೇ ದೇಶದ ನೆಲದ ಲೆಕ್ಕ ತೆಗೆದರೆ ಅರ್ಧಕ್ಕಿಂತಲೂ ಹೆಚ್ಚು ಭಾಗದಲ್ಲಿ ಯಾವ ಮೊಬೈಲ್ ಸಿಗ್ನಲ್ಲೂ ಇಲ್ಲ. ಎರಡೂ ನಿಜ. ಸಿಡ್ನಿಯಲ್ಲಿ ಓದುವವರಿಗೆ ಇದರಿಂದ ಏನೂ ವ್ಯತ್ಯಾಸವಾಗುವುದಿಲ್ಲ, ಒಳನಾಡಿನ ತೋಟಕ್ಕೋ ಗಣಿಗೋ ಕೆಲಸಕ್ಕೆ ಹೋಗುವವರಿಗೆ ಆಗುತ್ತದೆ. ಹಾಗಾಗಿ “ಆ ದೇಶದಲ್ಲಿ ಯಾವುದು ಒಳ್ಳೆಯದು” ಅನ್ನುವ ಪ್ರಶ್ನೆಗೆ ಉತ್ತರವಿಲ್ಲ. ನೀವು ಮಲಗುವ ಕೋಣೆಯಲ್ಲಿ, ಕೆಲಸ ಮಾಡುವ ಜಾಗದಲ್ಲಿ ಯಾವುದು ಸಿಗುತ್ತದೆ ಅಂತ ಕೇಳಿ. ಅದನ್ನು ಹೇಳಬಲ್ಲವರು ಅದೇ ಕಟ್ಟಡದಲ್ಲಿ, ಅದೇ ಕ್ಯಾಂಪಿನಲ್ಲಿ ಈಗ ಇರುವವರು.

ಅವರನ್ನು ಇನ್ನೊಂದು ಮಾತೂ ಕೇಳಬೇಕು: ರಾತ್ರಿ ಒಂಬತ್ತು ಗಂಟೆಗೆ ನೆಟ್ ಹೇಗಿರುತ್ತದೆ? ನಂಜನಗೂಡಿನ ದೊಡ್ಡ ಜಾತ್ರೆಯ ದಿನ ತೇರು ಬೀದಿಯಲ್ಲಿ ನಿಂತು ಫೋನ್ ಮಾಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಡ್ಡಿ ಪೂರ್ತಿ ಇರುತ್ತದೆ, ಒಂದು ಫೋಟೋ ಕೂಡ ಹೋಗುವುದಿಲ್ಲ. ಟವರ್ ನಿಮಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಅನ್ನುವುದನ್ನು ಮಾತ್ರ ಕಡ್ಡಿ ತೋರಿಸುತ್ತದೆ. ಆ ಟವರಿನಲ್ಲಿ ಎಷ್ಟು ಜನ ಸಾಲು ನಿಂತಿದ್ದಾರೆ ಅನ್ನುವುದನ್ನು ತೋರಿಸುವುದಿಲ್ಲ. ಕೆಲಸ ಮುಗಿಸಿ ಬಂದ ನೂರಾರು ಜನ ಒಂದೇ ಹೊತ್ತಿಗೆ ಊರಿಗೆ ವಿಡಿಯೋ ಕಾಲ್ ಮಾಡುವ ಜಾಗದಲ್ಲಿ ದಿನವೂ ಜಾತ್ರೆಯೇ.

20 ರೂಪಾಯಿಯ ಮೆಸೇಜ್: ಎಷ್ಟು ನಿಜ?

2025ರ ಜನವರಿಯಲ್ಲಿ “ಟ್ರಾಯ್‌ನ ಹೊಸ ನಿಯಮ” ಅಂತ ಇದು ಎಲ್ಲ ಕಡೆ ಓಡಾಡಿತು. ನಿಯಮ ಹೊಸದಲ್ಲ, 2013ರದ್ದು. ಅದರ ಪ್ರಕಾರ 90 ದಿನ ಬಳಸದೇ ಇದ್ದ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು. ಬಳಕೆ ಅಂದರೆ ಕಾಲ್ ಮಾಡುವುದು, ಕಾಲ್ ಸ್ವೀಕರಿಸುವುದು, ಎಸ್ಸೆಮ್ಮೆಸ್ ಕಳಿಸುವುದು, ಡೇಟಾ ಬಳಸುವುದು ಇತ್ಯಾದಿ. ಬರೀ ಎಸ್ಸೆಮ್ಮೆಸ್ ಬಂದು ಬಿದ್ದರೆ ಅದು ಬಳಕೆ ಅನ್ನಿಸಿಕೊಳ್ಳುವುದಿಲ್ಲ. ಪ್ರೀಪೇಯ್ಡ್ ಖಾತೆಯಲ್ಲಿ 20 ರೂಪಾಯಿ ಅಥವಾ ಹೆಚ್ಚು ಬ್ಯಾಲೆನ್ಸ್ ಇದ್ದರೆ, ಬಳಸಿಲ್ಲ ಅನ್ನುವ ಕಾರಣಕ್ಕೆ ನಂಬರ್ ಕಿತ್ತುಕೊಳ್ಳುವಂತಿಲ್ಲ. ನಿಂತು ಹೋದರೂ ಮತ್ತೆ ಶುರು ಮಾಡಿಸಿಕೊಳ್ಳಲು 15 ದಿನದ ಕಾಲಾವಕಾಶ ಇದೆ.

ಇಷ್ಟು ನಿಜ. ಆದರೆ ನಂಬರ್ ನಿಮ್ಮ ಹೆಸರಲ್ಲಿ ಉಳಿಯುವುದು ಬೇರೆ, ಆ ನಂಬರಿಗೆ ಮೆಸೇಜ್ ಬರುವುದು ಬೇರೆ. ಪ್ಲಾನಿನ ವ್ಯಾಲಿಡಿಟಿ ಮುಗಿದರೆ ಕಂಪನಿಗಳು ಕೆಲವು ದಿನ ನೋಡಿ ಇನ್‌ಕಮಿಂಗ್ ಸೇವೆಯನ್ನೂ ನಿಲ್ಲಿಸುತ್ತವೆ. 20 ರೂಪಾಯಿ ನಂಬಿಕೊಂಡು ಹೋದವರ ನಂಬರ್ ಬದುಕಿರುತ್ತದೆ, ಓಟಿಪಿ ಮಾತ್ರ ಬರುವುದಿಲ್ಲ. ಊರಲ್ಲಿ ಅಮ್ಮನ ಆಸ್ಪತ್ರೆಗೆ ದುಡ್ಡು ಕಳಿಸಬೇಕಾದ ದಿನವೇ ಇದು ಗೊತ್ತಾಗುವುದು.

ಪೂರ್ತಿ ಕೈತಪ್ಪಿದ ನಂಬರಿನ ಕಥೆ ಇನ್ನೂ ಕೆಟ್ಟದ್ದು. ನಿಲ್ಲಿಸಿದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಎಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಅಂದರೆ ಆಮೇಲೆ ಕೊಡಬಹುದು. ನಿಮ್ಮ ಬ್ಯಾಂಕ್ ಖಾತೆಗೆ, ಆಧಾರ್‌ಗೆ, ಪಿಎಫ್‌ಗೆ ಜೋಡಿಸಿದ ನಂಬರ್ ಗುರುತೇ ಇಲ್ಲದ ಯಾರದೋ ಜೇಬಿನಲ್ಲಿರುತ್ತದೆ. ಆಧಾರ್‌ಗೆ ಇನ್ನೊಂದು ನಂಬರ್ ಜೋಡಿಸಲು ಆಧಾರ್ ಕೇಂದ್ರಕ್ಕೆ ಬಂದು ಬೆರಳು ಒತ್ತಬೇಕಾಗಿ ಬರಬಹುದು. ಅದಕ್ಕಾಗಿ ಶಾರ್ಜಾದಿಂದ ಗುಂಡ್ಲುಪೇಟೆಗೆ ಬರುವ ವಿಮಾನದ ಚಾರ್ಜು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಹಾಗಾದರೆ ಏನು ಮಾಡಬೇಕು? 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮ ಬದಲಿಸಿ, ಡೇಟಾ ಬೇಡದವರಿಗೆ ಬರೀ ಕಾಲ್ ಮತ್ತು ಎಸ್ಸೆಮ್ಮೆಸ್‌ನ ಪ್ಯಾಕ್ ಕೊಡಲೇಬೇಕು ಎಂದಿತು. ಇಂಥ ವಿಶೇಷ ಪ್ಯಾಕುಗಳ ಅವಧಿಯನ್ನು 90 ದಿನದಿಂದ 365 ದಿನದವರೆಗೆ ಹಿಗ್ಗಿಸಲು ಅವಕಾಶವನ್ನೂ ಕೊಟ್ಟಿತು. ಹೊರದೇಶಕ್ಕೆ ಹೋಗುವವರಿಗೆ ನಮ್ಮ ಪ್ರಕಾರ ಇದಕ್ಕಿಂತ ಅನುಕೂಲದ ದಾರಿ ಇಲ್ಲ. ಇಲ್ಲಿಯ ಡೇಟಾಕ್ಕೆ ಅಲ್ಲಿ ಕೂತು ದುಡ್ಡು ಕಟ್ಟುವುದು ದಂಡ. ಪೋಸ್ಟ್‌ಪೇಯ್ಡ್ ಇದ್ದವರು “ಸೇಫ್ ಕಸ್ಟಡಿ” ಕೇಳಬಹುದು, ಮೂರು ತಿಂಗಳಿಗೆ 150 ರೂಪಾಯಿ ಮೀರದ ಶುಲ್ಕಕ್ಕೆ ನಂಬರ್ ಕಾಯ್ದಿಡುವ ವ್ಯವಸ್ಥೆ ಅದು. ಆದರೆ ಅದು ನಂಬರ್ ಕಾಯುತ್ತದೆ ಅಷ್ಟೆ, ಓಟಿಪಿ ಬೇಕಿದ್ದವರಿಗೆ ಉಪಯೋಗವಿಲ್ಲ.

ಓಟಿಪಿ ಅಲ್ಲಿಯವರೆಗೆ ಹೇಗೆ ಹೋಗುತ್ತದೆ?

ಮತ್ತೆ ಬತ್ತೇರಿ ದಾರಿಯನ್ನೇ ನೋಡಿ. ಗಡಿ ದಾಟಿದ ಕೂಡಲೇ ನಿಮ್ಮ ಫೋನು ಕೇರಳದ ಟವರನ್ನು ಹಿಡಿದುಕೊಳ್ಳುತ್ತದೆ. ಆ ಟವರಿನ ಮೂಲಕ “ಈ ನಂಬರ್ ಈಗ ನಮ್ಮಲ್ಲಿದೆ” ಅನ್ನುವ ಸುದ್ದಿ ನಿಮ್ಮ ಕಂಪನಿಗೆ ಮುಟ್ಟುತ್ತದೆ. ನಿಮಗೆ ಯಾರಾದರೂ ಮೆಸೇಜ್ ಕಳಿಸಿದರೆ ಆ ವಿಳಾಸ ಹುಡುಕಿಕೊಂಡು ಬರುತ್ತದೆ. ವಿದೇಶದಲ್ಲೂ ಇದೇ ಕೆಲಸ ನಡೆಯುತ್ತದೆ. ವ್ಯತ್ಯಾಸ ಇಷ್ಟೇ, ನಿಮ್ಮ ಕಂಪನಿಗೆ ಅಲ್ಲಿಯ ಕಂಪನಿಯೊಂದಿಗೆ ಒಪ್ಪಂದ ಇರಬೇಕು, ನಿಮ್ಮ ನಂಬರಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಆಗಿರಬೇಕು.

ಇಲ್ಲಿ ಹಲವರಿಗೆ ಗೊಂದಲ. ಇಂಟರ್‌ನ್ಯಾಷನಲ್ ರೋಮಿಂಗ್ ಅನ್ನುವುದು ಕಂಪನಿಯವರು ನಿಮ್ಮ ನಂಬರಿಗೆ ಕೊಡುವ ಸೇವೆ. ಡೇಟಾ ರೋಮಿಂಗ್ ಅನ್ನುವುದು ನಿಮ್ಮ ಫೋನಿನ ಸೆಟ್ಟಿಂಗಿನಲ್ಲಿರುವ ಒಂದು ಬಟನ್. ಮೊದಲನೆಯದು ಆನ್ ಇರಬೇಕು, ಎರಡನೆಯದು ಆಫ್ ಇರಬೇಕು. ಹೀಗಿದ್ದರೆ ಎಸ್ಸೆಮ್ಮೆಸ್ ಬರುತ್ತದೆ, ಇಂಟರ್ನೆಟ್ ಬಿಲ್ ಏರುವುದಿಲ್ಲ. ರೋಮಿಂಗ್‌ನಲ್ಲಿ ಬರುವ ಎಸ್ಸೆಮ್ಮೆಸ್‌ಗೆ ನಮ್ಮ ಕಂಪನಿಗಳು ಸಾಮಾನ್ಯವಾಗಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಬರುವ ಕಾಲ್ ಎತ್ತಿದರೆ ತೆಗೆದುಕೊಳ್ಳುತ್ತವೆ, ಅದೂ ಕಡಿಮೆಯೇನಲ್ಲ. ಊರಿನವರಿಗೆ ಹಳೇ ನಂಬರಿಗೆ ಫೋನ್ ಮಾಡಬೇಡಿ ಅಂತ ಹೇಳಿ ಹೋಗಿ. ಈ ಸೇವೆಗೆ ಬೇರೆ ಪ್ಯಾಕ್ ಹಾಕಿಸಬೇಕೆ, ನೀವು ಹೋಗುವ ದೇಶದಲ್ಲಿ ಯಾವ ಕಂಪನಿಯ ಜೊತೆ ಒಪ್ಪಂದವಿದೆ ಅನ್ನುವುದನ್ನು ಹೊರಡುವ ಮೊದಲೇ ಕಸ್ಟಮರ್ ಕೇರ್‌ಗೆ ಕೇಳಿ.

ಕೆಲವರು ಸಿಮ್ಮನ್ನು ಊರಲ್ಲೇ ಅಪ್ಪನ ಕೀಪ್ಯಾಡ್ ಫೋನಿಗೆ ಹಾಕಿ ಹೋಗುತ್ತಾರೆ, ಓಟಿಪಿ ಬಂದಾಗ ಓದಿ ಹೇಳಿಸಿಕೊಳ್ಳುತ್ತಾರೆ. ಖರ್ಚಿಲ್ಲದ ಉಪಾಯ, ರೋಮಿಂಗ್ ತಲೆನೋವೂ ಇಲ್ಲ. ಆದರೆ “ಓಟಿಪಿ ಯಾರಿಗೂ ಹೇಳಬೇಡಿ” ಅಂತ ವರ್ಷಗಟ್ಟಲೆ ಹೇಳಿ ಕಲಿಸಿದ ಅಪ್ಪನಿಗೆ ಈಗ ನೀವೇ ಫೋನಿನಲ್ಲಿ ಓಟಿಪಿ ಹೇಳುವುದನ್ನು ಅಭ್ಯಾಸ ಮಾಡಿಸುತ್ತಿದ್ದೀರಿ. ನಾಳೆ “ಅಪ್ಪಾ, ನಾನೇ, ಹೊಸ ನಂಬರಿಂದ ಮಾಡ್ತಿದ್ದೀನಿ” ಅಂತ ವಂಚಕನೊಬ್ಬ ಫೋನ್ ಮಾಡಿದರೆ ಅವರು ಹೇಳಿಬಿಡುತ್ತಾರೆ. ಈ ದಾರಿಯೇ ಬೇಕೆಂದಿದ್ದರೆ, ಮುಖ ನೋಡಿ ಮಾತಾಡಿದ ಮೇಲೆ ಮಾತ್ರ ನಂಬರ್ ಓದುವುದು ಅಂತ ಮನೆಯಲ್ಲಿ ಕರಾರು ಮಾಡಿಕೊಳ್ಳಿ.

ಹಳ್ಳಿಗಳಲ್ಲಿ ಕಾಣುವ ಇನ್ನೊಂದು ಸಂಗತಿ, ಸಿಮ್ ಯಾರ ಹೆಸರಲ್ಲಿದೆ ಅನ್ನುವುದೇ ಗೊತ್ತಿರುವುದಿಲ್ಲ. ಅಣ್ಣನ ಹೆಸರಲ್ಲೋ ಮಾವನ ಹೆಸರಲ್ಲೋ ಎಂದೋ ಕೊಂಡದ್ದು. ಊರಲ್ಲಿ ಇರುವಷ್ಟು ದಿನ ನಡೆಯುತ್ತದೆ. ಅಲ್ಲಿ ಫೋನ್ ಕಳೆದುಹೋದರೆ ಬದಲಿ ಸಿಮ್ ಕೇಳುವ ಹಕ್ಕು ನಿಮಗಿರುವುದಿಲ್ಲ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಿಮ್ಮ ಹೆಸರಲ್ಲಿ ಯಾವ ಯಾವ ನಂಬರ್ ಇವೆ ಅಂತ ನೋಡಬಹುದು. ನಿಮ್ಮ ನಂಬರ್ ಅದರಲ್ಲಿ ಇಲ್ಲದಿದ್ದರೆ ಹೊರಡುವ ಮೊದಲೇ ಹೆಸರು ಬದಲಿಸಿಕೊಳ್ಳಿ.

ಎನ್‌ಆರ್‌ಐ ಖಾತೆ ಮಾಡಿಸುವವರಿಗೆ ಸ್ವಲ್ಪ ನಿರಾಳ. 2023ರ ಜನವರಿಯಲ್ಲಿ ಎನ್‌ಪಿಸಿಐ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗಳಿಗೆ ವಿದೇಶಿ ನಂಬರಿನಲ್ಲೇ ಯುಪಿಐ ಕೊಡಲು ದಾರಿ ತೆರೆಯಿತು. ಮೊದಲ ಪಟ್ಟಿಯ 10 ದೇಶಗಳಲ್ಲಿ ಯುಎಇ, ಸೌದಿ ಅರೇಬಿಯಾ, ಒಮಾನ್, ಕತಾರ್, ಸಿಂಗಪುರ, ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಇವೆಲ್ಲ ಇದ್ದವು. ನಿಮ್ಮ ಬ್ಯಾಂಕ್ ಇದನ್ನು ಕೊಡುತ್ತದೆಯೇ ಎಂದು ಶಾಖೆಯಲ್ಲಿ ಕೇಳಿ.

ವಾಟ್ಸಾಪ್ ಕಾಲ್ ಮತ್ತು ವಿಪಿಎನ್

ಯುಎಇಯಲ್ಲಿ ವಾಟ್ಸಾಪ್‌ನಲ್ಲಿ ಬರೆದು ಕಳಿಸಬಹುದು, ಫೋಟೋ ಕಳಿಸಬಹುದು. ಆದರೆ ಅಲ್ಲಿಯ ಸಿಮ್‌ನಲ್ಲಿ ಕಾಲ್ ಹೋಗುವುದಿಲ್ಲ. ಇಂಟರ್ನೆಟ್ ಮೂಲಕ ಮಾತಾಡಿಸುವ ಆ್ಯಪ್‌ಗಳಿಗೆ ಅಲ್ಲಿಯ ನಿಯಂತ್ರಣ ಪ್ರಾಧಿಕಾರದ ಅನುಮತಿ ಬೇಕು, ವಾಟ್ಸಾಪ್ ಕಾಲ್‌ಗೆ ಅದಿಲ್ಲ. ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳಿವೆ. ಅಲ್ಲಿಗೆ ಹೋಗುವವರು ಊರಿನವರ ಫೋನಿಗೂ ಇದನ್ನು ಮೊದಲೇ ಹಾಕಿಕೊಟ್ಟು, ಹೇಗೆ ಎತ್ತಬೇಕು ಅಂತ ತೋರಿಸಿ ಹೋಗುವುದು ಒಳ್ಳೆಯದು. ಇಲ್ಲದಿದ್ದರೆ ಮೊದಲ ವಾರ ಇಡೀ ಮನೆಯವರಿಗೆ ಗಾಬರಿ.

“ನಮ್ಮ ಭಾವನಿಗೆ ದುಬೈನಲ್ಲಿ ವಾಟ್ಸಾಪ್ ಕಾಲ್ ಬರ್ತಿತ್ತಲ್ಲ” ಅನ್ನುವವರೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಭಾರತದ ಸಿಮ್‌ನಲ್ಲಿ ರೋಮಿಂಗ್ ಡೇಟಾ ಬಳಸಿದರೆ ಆ ಡೇಟಾ ಸಾಮಾನ್ಯವಾಗಿ ಭಾರತದ ಕಂಪನಿಯ ಯಂತ್ರಗಳ ಮೂಲಕವೇ ಹಾದು ಹೋಗುತ್ತದೆ. ಹಾಗಾಗಿ ಅಲ್ಲಿಯ ತಡೆ ತಗುಲದೇ ಇರಬಹುದು. ಆದರೆ ರೋಮಿಂಗ್ ಪ್ಯಾಕ್ ಹತ್ತು ದಿನದ ಪ್ರವಾಸಕ್ಕೆ ಸರಿ, ಎರಡು ವರ್ಷದ ವೀಸಾಕ್ಕಲ್ಲ.

ವಿಪಿಎನ್ ವಿಷಯಕ್ಕೆ ಬಂದರೆ, ಯುಎಇಯ 2021ರ ಸೈಬರ್ ಅಪರಾಧ ಕಾನೂನಿನಲ್ಲಿ (34ನೇ ಸಂಖ್ಯೆಯದ್ದು) ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ಇಂಟರ್ನೆಟ್ ವಿಳಾಸ ಮರೆಮಾಡಿದವರಿಗೆ ಜೈಲು, ಇಲ್ಲವೇ 5 ಲಕ್ಷದಿಂದ 20 ಲಕ್ಷ ದಿರ್ಹಂ ದಂಡ, ಅಥವಾ ಎರಡೂ ಇವೆ. ಕಂಪನಿಗಳು ಕಚೇರಿ ಕೆಲಸಕ್ಕೆ ವಿಪಿಎನ್ ಬಳಸುವುದು ಬೇರೆ ಮಾತು. ತಡೆದಿರುವ ಸೇವೆಯನ್ನು ಕದ್ದು ಬಳಸಲು ಪ್ಲೇಸ್ಟೋರಿನ ಯಾವುದೋ ಫ್ರೀ ವಿಪಿಎನ್ ಹಾಕಿಕೊಳ್ಳಿ ಎಂದು ಫಾರ್ವರ್ಡ್ ಮಾಡುವವರು ಆ ದಂಡ ಕಟ್ಟಲು ಬರುವುದಿಲ್ಲ. ದಯವಿಟ್ಟು ಆ ಮೆಸೇಜನ್ನು ಮುಂದಕ್ಕೆ ಕಳಿಸಬೇಡಿ.

ಫೋನು ಅಲ್ಲಿ ನಡೆಯುತ್ತದೆಯೇ?

ಇದನ್ನು ಕೇಳುವವರು ಕಡಿಮೆ. 2024ರ ಅಕ್ಟೋಬರ್ 28ರಿಂದ ಆಸ್ಟ್ರೇಲಿಯಾದಲ್ಲಿ ಟೆಲ್‌ಸ್ಟ್ರಾ ಮತ್ತು ಆಪ್ಟಸ್ 3ಜಿ ನಿಲ್ಲಿಸಿದವು. ಅದರ ಜೊತೆಗೆ ಸರ್ಕಾರ ಒಂದು ನಿಯಮ ಮಾಡಿತು: ತುರ್ತು ಸಹಾಯದ 000 ನಂಬರಿಗೆ 4ಜಿ ಮೂಲಕ ಕಾಲ್ ಮಾಡಲಾಗದ ಫೋನುಗಳಿಗೆ ಕಂಪನಿಗಳು ಸೇವೆ ಕೊಡುವಂತಿಲ್ಲ. ಬೇರೆ ದೇಶದಲ್ಲಿ ಕೊಂಡ ಫೋನುಗಳು, 4ಜಿ ಇದ್ದವೂ ಸೇರಿ, ಇದರಲ್ಲಿ ಸಿಕ್ಕಿಬಿದ್ದವು. ಅಮೆರಿಕದಲ್ಲಿ ಎಟಿ ಅಂಡ್ ಟಿ 2022ರ ಫೆಬ್ರುವರಿಯಲ್ಲಿ, ವೆರಿಝಾನ್ 2022ರ ಕೊನೆಯಲ್ಲಿ 3ಜಿ ಮುಚ್ಚಿದವು. ಎಟಿ ಅಂಡ್ ಟಿ ತಾನು ಒಪ್ಪುವ ಫೋನುಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ. ಟಿ-ಮೊಬೈಲ್‌ನ ದೂರ ಹರಡುವ 600 ಮೆಗಾಹರ್ಟ್ಸ್ ಬ್ಯಾಂಡ್ (ಬ್ಯಾಂಡ್ 71) ಇಲ್ಲಿ ಮಾರುವ ಹಲವು ಕಡಿಮೆ ಬೆಲೆಯ ಫೋನುಗಳಲ್ಲಿ ಇರುವುದಿಲ್ಲ.

ನಿಮ್ಮ ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ಬರುತ್ತದೆ. ಅಮೆರಿಕ, ಆಸ್ಟ್ರೇಲಿಯಾದ ಕಂಪನಿಗಳ ಜಾಲತಾಣದಲ್ಲಿ ಅದನ್ನು ಹಾಕಿ ನೋಡಿದರೆ ಫೋನ್ ನಡೆಯುತ್ತದೆಯೋ ಇಲ್ಲವೋ ತಿಳಿಯುತ್ತದೆ. ಹೊಸ ಫೋನ್ ಕೊಂಡು ಹೋಗುವವರು ಇಲ್ಲಿಯ ಸಿಮ್ ಹಾಕಿ ಒಂದೆರಡು ಕಾಲ್ ಮಾಡಿಯೇ ಹೊರಡಿ. ಸ್ಯಾಮ್‌ಸಂಗ್‌ನಂಥ ಕೆಲವು ಫೋನುಗಳು ಮೊದಲು ಕೊಂಡ ಪ್ರದೇಶದ ಸಿಮ್‌ನಲ್ಲಿ ಬಳಕೆಯಾಗದಿದ್ದರೆ ಬೇರೆ ದೇಶದ ಸಿಮ್ಮನ್ನು ಒಪ್ಪುವುದಿಲ್ಲ.

ಹೆಸರು ಎರಡು, ಟವರ್ ಒಂದು

ಅಮೆರಿಕ, ಬ್ರಿಟನ್‌ಗಳಲ್ಲಿ ಹತ್ತಾರು ಹೆಸರಿನ ಸಿಮ್ ಸಿಗುತ್ತವೆ. ಟವರ್ ಇರುವ ಕಂಪನಿಗಳು ಮಾತ್ರ ಮೂರೋ ನಾಲ್ಕೋ. ಉಳಿದವು ಅವರ ಟವರನ್ನೇ ಬಾಡಿಗೆಗೆ ಹಿಡಿದವು. ಬ್ರಿಟನ್ನಿನ ಗಿಫ್‌ಗ್ಯಾಫ್ ನಡೆಯುವುದು ಓ2 ಟವರಿನಲ್ಲಿ, ಅಮೆರಿಕದ ಮಿಂಟ್ ಮೊಬೈಲ್ ಟಿ-ಮೊಬೈಲ್‌ನಲ್ಲಿ. ಬಾಡಿಗೆ ಸಿಮ್‌ನ ಬೆಲೆ ಕಡಿಮೆ, ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಜನಸಂದಣಿ ಹೆಚ್ಚಾದಾಗ ಅಮೆರಿಕದಲ್ಲಿ ಇಂಥ ಹಲವು ಪ್ಲಾನುಗಳನ್ನು ಸಾಲಿನಲ್ಲಿ ಹಿಂದಕ್ಕೆ ನಿಲ್ಲಿಸುತ್ತಾರೆ.

ಎರಡು ಸಿಮ್ ಇಟ್ಟುಕೊಂಡರೆ ಭದ್ರ ಅಂದುಕೊಳ್ಳುವವರು 2022ರ ಜುಲೈ 8ರಂದು ಕೆನಡಾದಲ್ಲಿ ಏನಾಯಿತು ಅಂತ ತಿಳಿದಿರಬೇಕು. ರಾಜರ್ಸ್ ಕಂಪನಿಯ ನೆಟ್‌ವರ್ಕ್ ಇಡೀ ದೇಶದಲ್ಲಿ ಕುಸಿಯಿತು. 1.2 ಕೋಟಿಗೂ ಹೆಚ್ಚು ಗ್ರಾಹಕರು, ಅಂಗಡಿಗಳ ಡೆಬಿಟ್ ಕಾರ್ಡ್ ವ್ಯವಸ್ಥೆ, ಹಲವು ಕಡೆ 911 ತುರ್ತು ಕರೆ, ಎಲ್ಲ ನಿಂತವು. ಮನೆಗೆ ರಾಜರ್ಸ್, ಜೇಬಿಗೆ ಫೈಡೋ ಅಂತ ಬೇರೆ ಬೇರೆ ಇಟ್ಟುಕೊಂಡವರದ್ದೂ ಹೋಯಿತು. ಯಾಕೆಂದರೆ ಫೈಡೋ ಕೂಡ ರಾಜರ್ಸ್‌ನದ್ದೇ. ಎರಡನೇ ಸಿಮ್ ತೆಗೆದುಕೊಳ್ಳುವಾಗ ಅದು ಯಾರ ಟವರಿನಲ್ಲಿ ನಡೆಯುತ್ತದೆ ಅಂತ ಕೇಳಿಯೇ ತೆಗೆದುಕೊಳ್ಳಿ.

ಗಲ್ಫ್‌ನಲ್ಲಿ ಆಯ್ಕೆ ಇನ್ನೂ ಕಡಿಮೆ. ಯುಎಇಯಲ್ಲಿ ಟವರ್ ಇರುವವು ಎರಡೇ, ಹಿಂದೆ ಎತಿಸಲಾತ್ ಎನ್ನುತ್ತಿದ್ದ ಇ-ಅಂಡ್ ಮತ್ತು ಡು. ಸೌದಿಯಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್. ಎಲ್ಲ ಕಡೆಯೂ ಸಿಮ್ ನಿಮ್ಮ ಪಾಸ್‌ಪೋರ್ಟಿಗೋ ನಿವಾಸದ ಗುರುತಿನ ಚೀಟಿಗೋ ಜೋಡಣೆಯಾಗಿರುತ್ತದೆ. ವಿಮಾನ ನಿಲ್ದಾಣದಲ್ಲಿ ಸಿಗುವ ಪ್ರವಾಸಿ ಸಿಮ್ ಮೊದಲ ವಾರಗಳಿಗೆ ಸಾಕು. ಎಮಿರೇಟ್ಸ್ ಐಡಿ ಕೈಗೆ ಬಂದ ಮೇಲೆ ನಿವಾಸಿ ಸಿಮ್ ಮಾಡಿಸಿಕೊಂಡು ಆ ನಂಬರನ್ನು ಎಲ್ಲ ಕಡೆ ಕೊಡಿ. ಒಂದು ವರ್ಷ, ಎರಡು ವರ್ಷದ ಕರಾರಿನ ಪ್ಲಾನಿಗೆ ಮೊದಲ ತಿಂಗಳೇ ಸಹಿ ಹಾಕಬೇಡಿ. ಕೆಲಸ ಅಥವಾ ಕ್ಯಾಂಪ್ ಬದಲಾದರೆ ಕರಾರು ಮುರಿದ ಶುಲ್ಕ ನಿಮ್ಮ ತಲೆಗೇ ಬರುತ್ತದೆ. ಅಲ್ಲಿಯ ಗೆಳೆಯರಿಗೆಂದು ಇಲ್ಲಿಂದ ಸಿಮ್‌ಗಳನ್ನು ಕಟ್ಟಿಕೊಂಡು ಹೋಗುವುದಂತೂ ಬೇಡವೇ ಬೇಡ. ಅವು ಸೈಬರ್ ವಂಚಕರ ಕೈಗೆ ಸೇರಿದರೆ ಪೊಲೀಸರು ಹುಡುಕಿಕೊಂಡು ಬರುವುದು ಸಿಮ್ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

ಹೊರಡುವ ವಾರ

ಈಗಿನ ಫೋನುಗಳಲ್ಲಿ ಇ-ಸಿಮ್ ಅನುಕೂಲ. ಊರಿನ ನಂಬರನ್ನು ಇ-ಸಿಮ್ ಮಾಡಿಕೊಂಡರೆ ಅಲ್ಲಿಯ ಪ್ಲಾಸ್ಟಿಕ್ ಸಿಮ್‌ಗೆ ಜಾಗ ಸಿಗುತ್ತದೆ. ಆದರೆ ಇದನ್ನು ವಿಮಾನ ಹತ್ತುವ ಹಿಂದಿನ ದಿನ ಮಾಡಬೇಡಿ. ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಸೇವೆ ಬಂದ್ ಇರುತ್ತದೆ. ನಂಬರ್ ಕದಿಯುವವರನ್ನು ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಅದು. 2024ರ ಜುಲೈ 1ರಿಂದ ಹೀಗೆ ಬದಲಿಸಿದ ಏಳು ದಿನದೊಳಗೆ ಬೇರೆ ಕಂಪನಿಗೆ ಪೋರ್ಟ್ ಕೂಡ ಮಾಡುವಂತಿಲ್ಲ. ಇನ್ನು ಜಾಹೀರಾತಿನಲ್ಲಿ ಬರುವ ಅಗ್ಗದ ಟ್ರಾವೆಲ್ ಇ-ಸಿಮ್‌ಗಳಲ್ಲಿ ಹೆಚ್ಚಿನವು ಬರೀ ಡೇಟಾದವು. ಅವಕ್ಕೆ ಫೋನ್ ನಂಬರೇ ಇರುವುದಿಲ್ಲ, ಅಲ್ಲಿಯ ಬ್ಯಾಂಕಿಗೆ ಕೊಡಲು ಬರುವುದಿಲ್ಲ.

ಯುಪಿಐ ಆ್ಯಪನ್ನು ಅಲ್ಲಿ ಅನ್‌ಇನ್‌ಸ್ಟಾಲ್ ಮಾಡಬೇಡಿ. ಮತ್ತೆ ಹಾಕಿದರೆ ಅದು ನಿಮ್ಮ ಊರಿನ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ಕಳಿಸಿ ಗುರುತು ಖಾತ್ರಿ ಮಾಡಿಕೊಳ್ಳುತ್ತದೆ. ರೋಮಿಂಗ್‌ನಲ್ಲಿ ಅದಕ್ಕೆ ದುಡ್ಡು ಬೇಕು, ಹೋಗದೇ ಇರುವುದೂ ಉಂಟು.

ಮದ್ದೂರು ಕಡೆಯಿಂದ ಕೋಝಿಕ್ಕೋಡ್ ವಿಮಾನ ನಿಲ್ದಾಣಕ್ಕೆ ಹೊರಡುವವರಿಗೆ ಒಂದು ಮಾತು. ಚೆಕ್‌ಪೋಸ್ಟ್ ರಾತ್ರಿ 9ಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಆಮೇಲೆ ಕಾಡು, ಅಲ್ಲಿ ಸಿಗ್ನಲ್ ನಂಬುವಂತಿಲ್ಲ. ರೋಮಿಂಗ್ ಚಾಲೂ ಮಾಡಿಸುವುದು, ಅದರ ಖಾತ್ರಿಯ ಎಸ್ಸೆಮ್ಮೆಸ್ ಬಂದಿದೆಯೇ ನೋಡುವುದು, ಬೋಟಿಮ್‌ನಲ್ಲಿ ಅಮ್ಮನಿಗೆ ಒಂದು ಸಲ ಕಾಲ್ ಮಾಡಿ ನೋಡುವುದು, ಇವನ್ನೆಲ್ಲ ಎರಡು ದಿನ ಮೊದಲೇ ಗುಂಡ್ಲುಪೇಟೆಯಲ್ಲಿ ಮುಗಿಸಿಕೊಳ್ಳಿ. ಬದಲಿ ಸಿಮ್ ಬೇಕಾದರೆ ಗುರುತಿನ ಚೀಟಿ ಹಿಡಿದು ಅಂಗಡಿಯ ಮುಂದೆ ನೀವೇ ನಿಲ್ಲಬೇಕು. ಅದನ್ನು ಅಲ್ಲಿಂದ ಫೋನಿನಲ್ಲಿ ಮಾಡಿಸುವುದು ಬಹಳ ಕಷ್ಟ.